ದನಕ್ಕೆ ಕೈ ಇದ್ದಾ ತಮಾ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಊಟಕ್ಕೆ ಕೂತು ಅನ್ನ ಕಲಸುವಾಗಂತೂ ತಪ್ಪದೆ ನೆನಪಾಗುತ್ತದೆ.

ಬೆಳಿಗ್ಗೆ ಏಳಕ್ಕೇ ಫೋನ್ ಬಂದಿತ್ತು. ಶಿರಸಿ ಕಡೆಯ ಹಳ್ಳಿ. ಒಂದು ಮನೆಯ ಕೊಟ್ಟಿಗೆಯಲ್ಲಿ ಎರಡು ನಾಡಬಾಂಬ್. ಕಾರವಾರ ಬಿಟ್ಟು, ಕುಮಟಾದಲ್ಲಿ ತಿರುಗಿ, ದೇವಿಮನೆ ಘಟ್ಟ ಹತ್ತಿ ಅಲ್ಲಿ ಮುಟ್ಟುವಾಗ ಹನ್ನೊಂದು ದಾಟಿತ್ತು. ವ್ಯಾನಿನಲ್ಲಿ ನಾವು ನಾಲ್ವರು, ಶ್ವಾನದಳದ ಹುಡುಗ, ಅವನ ನಾಯಿ. ಘಟ್ಟದ ತಿರುವಿನಲ್ಲಿ ನಾಯಿಗೂ ವಾಂತಿ.

ಬಾಂಬ್ ನಿಷ್ಕ್ರಿಯ ದಳ ಅಂದ ಕೂಡಲೇ ಜನರಿಗೆ ಸಿನಿಮಾ ನೆನಪಾಗುತ್ತದೆ. 'ಕೆಂಪು ವೈರೋ, ನೀಲಿ ವೈರೋ?' ಅಂತ ನನ್ನ ಭಾವ ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದಾನೆ, ಪ್ರತಿ ಸಲ ಅವನೇ ನಗುತ್ತಾನೆ. ನಿಜವಾದ ಕೆಲಸ ಬೇರೆ. ಮಂತ್ರಿಗಳು ಬರುವ ಮುಂಚೆ ವೇದಿಕೆ ಕೆಳಗೆ ತೆವಳಬೇಕು. ಹೂಕುಂಡ ಎತ್ತಿ ನೋಡಬೇಕು. ಕಾರಿನ ಅಡಿಗೆ ಉದ್ದ ಕೋಲಿನ ಕನ್ನಡಿ ಹಿಡಿಯಬೇಕು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಬ್ಯಾಗಿನ ಸುತ್ತ ಜನರನ್ನೆಲ್ಲ ಓಡಿಸಿ, ಬೆವರು ಸುರಿಸಿ, ಕೊನೆಗೆ ಒದ್ದೆ ಟವೆಲ್ಲು, ಒಣಮೀನು ನೋಡಬೇಕು. ಈಗೀಗ ಇ-ಮೇಲ್ ಕಾಟ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬೆದರಿಕೆ ಬಂತಲ್ಲ, ಎಲ್ಲ ಸುಳ್ಳು. ಹಾಗಂತ ಹೋಗದೆ ಇರೋಕಾಗತ್ತಾ? 2020ರ ಜನವರಿಯಲ್ಲಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಬ್ಯಾಗೂ ನೋಡಲು ಬ್ಯಾಗಿನ ಹಾಗೇ ಇತ್ತು. ಅದನ್ನು ಕೆಂಜಾರಿನ ಮೈದಾನಕ್ಕೆ ಒಯ್ದು ಸ್ಫೋಟಿಸಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆಯೇ ನನ್ನ ಅತ್ತೆ ನನಗೆ ಎರಡನೇ ಸಲ ಬಡಿಸಲು ಶುರುಮಾಡಿದ್ದು.

ನಾಡಬಾಂಬಿನ ಜಾತಿಯೇ ಬೇರೆ. ವೈರಿಲ್ಲ, ಬ್ಯಾಟರಿಯಿಲ್ಲ, ಟೈಮರಿಲ್ಲ. ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ. ಕಾಡುಹಂದಿ ಓಡಾಡುವ ದಾರಿಯಲ್ಲಿ, ಹಂದಿಗೆ ಆಸೆಯಾಗುವ ವಾಸನೆ ಬಳಿದು ಇಡುತ್ತಾರೆ. ಕಚ್ಚಿದರೆ ಬಾಯಲ್ಲೇ ಸಿಡಿಯುತ್ತದೆ. ಕಚ್ಚಲೇಬೇಕು ಅಂತಿಲ್ಲ. ಒತ್ತಿದರೂ ಸಾಕು, ಉಜ್ಜಿದರೂ ಸಾಕು, ಕೈಜಾರಿ ಬಿದ್ದರೂ ಸಾಕು. ಟೈಮರ್ ಇದ್ದದ್ದಕ್ಕಿಂತ ಇದಕ್ಕೇ ನನಗೆ ಹೆದರಿಕೆ ಜಾಸ್ತಿ.

ಅಂಥದ್ದನ್ನು ಆ ಮನೆಯ ಅಜ್ಜಿ ಕೈಯಲ್ಲಿ ಹೆಕ್ಕಿದ್ದಾರೆ. ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋದವರು ಎರಡು ಉಂಡೆ ನೋಡಿದ್ದಾರೆ. ಹೆಡಿಗೆಯಲ್ಲಿ ದರಕು ತುಂಬಿ, ಅದರ ಮೇಲೆ ಉಂಡೆ ಇಟ್ಟು, ಹೆಡಿಗೆಯನ್ನು ತಲೆ ಮೇಲೆ ಹೊತ್ತು ಮನೆಗೆ ಬಂದಿದ್ದಾರೆ. ತಲೆ ಮೇಲೆ! ಇದನ್ನು ಕೇಳಿ ನಮ್ಮ ಎಸ್‌ಐ ಸುಮ್ನೆ ಜಗುಲಿಯಲ್ಲಿ ಕೂತುಬಿಟ್ಟರು.

ನನಗೆ ಸಿಟ್ಟೇ ಬಂತು. 'ಅಮ್ಮಾ, ಅದನ್ನು ಕೈಯಲ್ಲಿ ಯಾಕೆ ಮುಟ್ಟಿದ್ರಿ?' ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ.

ಅಜ್ಜಿ ನನ್ನನ್ನು ಒಮ್ಮೆ ನೋಡಿದರು. 'ದನಕ್ಕೆ ಕೈ ಇದ್ದಾ ತಮಾ? ಅದು ಬಾಯಲ್ಲೇ ಮುಟ್ಟದು ಅಲ್ದಾ?' ಅಂದರು.

ಹೋದ ವರ್ಷ ಅವರ ದನ ಮೇಯಲು ಹೋಗಿದ್ದು ಅದೇ ಬೆಟ್ಟಕ್ಕೆ. ಸಂಜೆ ಅಂಗಳಕ್ಕೆ ಬಂದಾಗ ಕೆಳದವಡೆ ಇರಲಿಲ್ಲವಂತೆ. ಮೂರು ದಿನ ಬದುಕಿತ್ತಂತೆ. ಇಷ್ಟನ್ನು ಹೇಳಿದ್ದು ಅಜ್ಜಿಯಲ್ಲ, ಮೊಮ್ಮಗ. ಉಂಡೆ ಇಟ್ಟಿದ್ದ ಜಾಗವೂ ಆ ದನ ಕಟ್ಟುತ್ತಿದ್ದ ಗೂಟದ ಹತ್ತಿರವೇ. ಅಲ್ಲಿ ಈಗ ಬೇರೆ ದನ ಇಲ್ಲ.

ಎರಡು ದಿನ ಅದು ಅಲ್ಲಿತ್ತು. ಮೇಲೆ ಅಡಿಕೆ ಹಾಳೆ ಮುಚ್ಚಿ, 'ಅಲ್ಲಿ ಮಡಿ ಇದ್ದು, ಯಾರೂ ಮುಟ್ಟಡಿ' ಅಂತ ಅಜ್ಜಿ ಹೇಳಿದ್ದರಂತೆ. ಯಾರೂ ಆ ಕಡೆ ಸುಳಿದಿಲ್ಲ. ನಮ್ಮ ಹಳದಿ ಟೇಪು ಕಟ್ಟಿದರೆ ಅದರ ಕೆಳಗೆ ನುಸುಳಿ ಮೊಬೈಲ್ ಹಿಡಿಯುವ ಜನ ಎಷ್ಟು ಬೇಕು? ಈ ಟೇಪು ಗಟ್ಟಿ. ಕೊನೆಗೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಬಾಯಿತಪ್ಪಿ ಹೇಳಿ, ಅವನು ಠಾಣೆಗೆ ತಿಳಿಸಿದ್ದು.

ಪಕ್ಕದ ಮನೆಯವರೊಬ್ಬರು ಬಂದು, 'ಇದೆಲ್ಲ ಮಾಮೂಲು ಸಾರ್, ಸುಮ್ನೆ ದೊಡ್ಡದು ಮಾಡ್ತ' ಅಂದರು. ಯಾರು ಇಟ್ಟಿರಬಹುದು ಅಂತ ಎಸ್‌ಐ ಕೇಳಿದ್ದೇ ತಡ, ಅವರಿಗೆ ತಮ್ಮ ಚಪ್ಪಲಿ ನೋಡುವ ಕೆಲಸ ಬಂತು. ಹಳ್ಳಿಯಲ್ಲಿ ಯಾರ ಮನೆಯ ನಾಯಿ ಎಲ್ಲಿ ಮಲಗುತ್ತದೆ ಅಂತ ಗೊತ್ತಿರುತ್ತದೆ, ಇದು ಗೊತ್ತಿರುವುದಿಲ್ಲವಾ? ಹಂದಿ ಬೆಳೆ ಹಾಳು ಮಾಡುತ್ತದೆ, ಒಪ್ಪುತ್ತೇನೆ. ಆದರೆ ಅಷ್ಟು ಒಳಗಿನ ಬೆಟ್ಟದಲ್ಲಿ ಉಂಡೆ ಇಟ್ಟವನಿಗೆ ಗದ್ದೆಯ ಚಿಂತೆ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಮಾಂಸ.

ಎಲ್ಲರನ್ನೂ ದೂರದ ಅಂಗಳಕ್ಕೆ ಕಳಿಸಿದೆವು. ನಾಯಿಯನ್ನು ವ್ಯಾನಿನಿಂದ ಇಳಿಸಲೇ ಇಲ್ಲ. ಶ್ವಾನದಳದ ಹುಡುಗ ಬಾಗಿಲು ಹಾಕುತ್ತಾ, 'ಇದಕ್ಕೂ ಕೈ ಇಲ್ಲ ಅಲ್ವಾ ಸಾರ್' ಅಂದ. ಅವನಿಗೂ ಆ ಮಾತು ತಾಗಿತ್ತು.

ಸ್ಫೋಟದಿಂದ ಕಾಯುವ ಸೂಟ್ ಹಾಕಿಕೊಳ್ಳಲು ಇಬ್ಬರು ಹಿಡಿಯಬೇಕು. ಮೂವತ್ತು ಕಿಲೋ ಮೇಲೆ ತೂಕ. ಉಸಿರು ನಮ್ಮ ಕಿವಿಗೇ ಜೋರಾಗಿ ಕೇಳುತ್ತದೆ. ಹತ್ತಿರ ಹೋಗುವುದು ಒಬ್ಬನೇ. ಏನಾದರೂ ಆದರೆ ಒಬ್ಬನಿಗೆ ಮಾತ್ರ ಆಗಲಿ ಅಂತ ಲೆಕ್ಕ. ಹರಿಯಾಣದ ಮಾನೇಸರದಲ್ಲಿ ಎನ್‌ಎಸ್‌ಜಿ (ಕೇಂದ್ರದ ಕಮಾಂಡೋ ಪಡೆ) ತರಬೇತಿಯಲ್ಲಿ ಇದನ್ನು ಮೊದಲ ಸಲ ಕೇಳಿದಾಗ ಎದೆ ಉಬ್ಬಿತ್ತು. ಈಗ ಆ ಹೊತ್ತಿಗೆ ಗ್ಯಾಸ್ ಬುಕ್ ಮಾಡಿದ್ದೇನಾ ಅನ್ನುವಂಥದ್ದೇ ನೆನಪಾಗುತ್ತದೆ.

ಅರ್ಧ ದಾರಿ ಹೋಗಿದ್ದೆ. ಹಿಂದಿನಿಂದ ಅಜ್ಜಿಯ ಕೂಗು: 'ತಮಾ, ಆಸ್ರಿಗೆ ಎಂತ ಮಾಡ್ಲಿ?'

ಕುಡಿಯಲು ಏನು ಮಾಡಲಿ ಅಂತ! ಹೆಲ್ಮೆಟ್ಟಿನ ಒಳಗೆ ನಕ್ಕುಬಿಟ್ಟೆ. ಗಾಜಿನ ಮೇಲೆ ಆವಿ ಕೂತು ಎದುರಿನದು ಕಾಣಲಿಲ್ಲ. ನಿಂತೆ. ಆವಿ ಹೋಗುವವರೆಗೆ ಕಾಯುತ್ತಾ ಕೆಳಗೆ ನೋಡಿದರೆ ಕಂಡದ್ದು ನನ್ನದೇ ಕೈ. ಈ ಸೂಟಿನಲ್ಲಿ ಕತ್ತು, ಎದೆ, ಹೊಟ್ಟೆ, ಕಾಲು ಎಲ್ಲ ಮುಚ್ಚಿರುತ್ತದೆ. ಕೈ ಮಾತ್ರ ಬರಿಗೈ. ದಪ್ಪ ಗ್ಲೌಸ್ ಹಾಕಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ, ಅದಕ್ಕೆ. ಇಷ್ಟು ವರ್ಷ ನಾನು ಅದನ್ನು ಸೂಟಿನ ಕೊರತೆ ಅಂತಲೇ ತಿಳಿದಿದ್ದೆ.

ಹೇಗೆ ತೆಗೆದೆವು ಅಂತ ಬರೆಯುವ ಹಾಗಿಲ್ಲ. ಮರಳು ಚೀಲ, ಹಗ್ಗ, ತುಂಬಾ ತಾಳ್ಮೆ, ಇಷ್ಟು ಸಾಕು. ಕೋರ್ಟಿನ ಅನುಮತಿ ಬಂದ ಮೇಲೆ ಸಂಜೆ ಹೊತ್ತಿಗೆ ಖಾಲಿ ಗದ್ದೆಯ ಗುಂಡಿಯಲ್ಲಿ ಎರಡನ್ನೂ ಮುಗಿಸಿದೆವು. ಸದ್ದಿಗೆ ತೋಟದ ಹಕ್ಕಿಗಳೆಲ್ಲ ಎದ್ದವು. 'ಎರಡೂ ಹೋತಾ?' ಅಂತ ಅಜ್ಜಿ ಕೇಳಿದರು. ಹೋಯಿತು ಅಂದೆ. ಆಮೇಲೆ ಬೆಲ್ಲ, ನೀರು, ಮಜ್ಜಿಗೆ, ಬಾಳೆಹಣ್ಣು. ಮಜ್ಜಿಗೆ ಪ್ಯಾಕೆಟ್ ಹಾಲಿನದ್ದು. ಅದನ್ನು ಅಜ್ಜಿ ಎರಡು ಸಲ ಹೇಳಿ ಬೇಜಾರು ಮಾಡಿಕೊಂಡರು.

ವಾಪಸ್ ಬರುವಾಗ ಆನೆ ನೆನಪಾಯಿತು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಲ್ಲಿ ಸಿಡಿಮದ್ದು ಸಿಡಿದ ಗರ್ಭಿಣಿ ಆನೆ ಹೊಳೆಯ ನೀರಿನಲ್ಲಿ ನಿಂತೇ ಸತ್ತಿತ್ತು. ದೇಶವೇ ಅತ್ತಿತು, ನಾನೂ ಸ್ಟೇಟಸ್ ಹಾಕಿದ್ದೆ. ಈ ದನದ ಸುದ್ದಿ ನಮ್ಮ ಜಿಲ್ಲೆಯವನೇ ಆದ ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ನಮಗೆ ಫೋನ್ ಬರುವುದು ಮನುಷ್ಯರು ಓಡಾಡುವ ಜಾಗದಲ್ಲಿ ಏನಾದರೂ ಸಿಕ್ಕಾಗ. ಬೆಟ್ಟದಲ್ಲಿ ಬಿದ್ದದ್ದು ಯಾರ ಬಾಯಿಗೆ ಸಿಗುತ್ತದೋ ಅವರೇ ನಿಷ್ಕ್ರಿಯ ದಳ.

ಹೊರಡುವ ಮುಂಚೆ ಅಜ್ಜಿಗೆ ಹತ್ತು ಸಲ ಹೇಳಿದೆ. ಇನ್ನು ಕಂಡರೆ ಮುಟ್ಟಬೇಡಿ, ದೂರ ನಿಂತು ಕೂಗಿ, ಫೋನ್ ಮಾಡಿಸಿ. ಅಜ್ಜಿ ತಲೆಯಾಡಿಸಿದರು. ಮೊಮ್ಮಕ್ಕಳ ಮಾತಿಗೆ ಅಜ್ಜಿಯರು ಆಡಿಸುತ್ತಾರಲ್ಲ, ಹಾಗೆ. ಆಮೇಲೆ ಕೇಳಿದರು, 'ಹೆಡಿಗೆ ಕೊಡ್ತ್ರಾ? ನಾಳೆ ದರಕಿಗೆ ಹೋಗವು.'

ಕೊಡಲಾಗಲಿಲ್ಲ. ಪಂಚನಾಮೆಯಲ್ಲಿ ಬರೆದಾಗಿತ್ತು: ಹಳೆಯ ಬಿದಿರಿನ ಹೆಡಿಗೆ ಒಂದು, ಅಡಿಕೆ ಹಾಳೆ ಒಂದು.

ನಿನ್ನೆ ತಡೆಯಲಾಗದೆ ಠಾಣೆಗೆ ಫೋನ್ ಮಾಡಿ ಹೆಡಿಗೆ ವಿಚಾರಿಸಿದೆ. ಮೂಲೆಯಲ್ಲಿ ಚೀಟಿ ಅಂಟಿಸಿಕೊಂಡು ಕೂತಿದೆಯಂತೆ. ಅಜ್ಜಿ ಬುಧವಾರವೇ ಪಕ್ಕದ ಮನೆಯ ಹೆಡಿಗೆ ಕೇಳಿ ತಗೊಂಡು ಬೆಟ್ಟಕ್ಕೆ ಹೋಗಿದ್ದಾರಂತೆ.