ಇಳಿಸಿಕೊಳ್ಳುವವರು ಯಾರು?

ಈ ವಾರ ನೆರೆ ಪರಿಹಾರದ ಪೂರ್ವಸಿದ್ಧತಾ ಸಭೆಯಲ್ಲಿ ಲಾರಿ ಚಾಲಕರೊಬ್ಬರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. ಗೋದಾಮಿನಿಂದ ಶಿಬಿರಗಳಿಗೆ ಎಷ್ಟು ಲಾರಿ, ಎಷ್ಟು ಟನ್, ಯಾವ ರಸ್ತೆ ಎಂದು ಅಧಿಕಾರಿ ವಿವರಿಸಿ ಮುಗಿಸಿದ್ದರು. ಹಿಂದಿನ ಸಾಲಿನಿಂದ ಚಾಲಕರು ಎದ್ದು ನಿಂತರು.

‘ಸರ್, ಅಲ್ಲಿ ಇಳಿಸಿಕೊಳ್ಳುವವರು ಯಾರು?’

‘ಅದನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ. ನೀವು ಹೊತ್ತಿಗೆ ಸರಿಯಾಗಿ ತಲುಪಿಸಿ.’

‘ಅಲ್ಲಿಯವರ ಮನೆಯೇ ಮುಳುಗಿರುತ್ತದಲ್ಲ ಸರ್.’

ಅಧಿಕಾರಿ ಉತ್ತರಿಸದೆ ಮುಂದಿನ ವಿಷಯಕ್ಕೆ ಹೋದರು. ಅವರು ಕಾಳಜಿಯಿಲ್ಲದವರಲ್ಲ, ವಿಪತ್ತು ಬಂದರೆ ರಾತ್ರಿಯೆಲ್ಲ ಫೋನ್ ಹಿಡಿದು ಕೂರುವವರೇ. ಆದರೆ ಗೋದಾಮಿನ ಬಾಗಿಲು ದಾಟಿದ ಸರಕು ಸಂತ್ರಸ್ತರ ಕೈ ಸೇರಿದಂತೆಯೇ ಎಂದು ನಂಬಿದ್ದಾರೆ. ಆ ನಂಬಿಕೆ ನನ್ನನ್ನು ಹೆದರಿಸುತ್ತದೆ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಜಗತ್ತು ನೆರವು ಕಳುಹಿಸಲು ಹಿಂಜರಿಯಲಿಲ್ಲ. ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನ ಬಂದರು ಹಾಳಾಗಿತ್ತು. ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಬಂದ ವಿಮಾನಗಳು ಸರಕು ಇಳಿಸಿ ಹೊರಡುವ ತನಕ ಹೊಸದಾಗಿ ಬರುವವಕ್ಕೆ ನಿಲ್ಲಲು ಜಾಗ ಸಾಲದು. ಹಲವು ವಿಮಾನಗಳು ಬೇರೆಡೆಗೆ ತಿರುಗಿದವು. 2015ರಲ್ಲಿ ಭೂಕಂಪವಾದಾಗ ನೇಪಾಳದಲ್ಲೂ ಇದೇ ಪಾಡು: ಕಠ್ಮಂಡುವಿನ ಒಂಟಿ ರನ್‌ವೇ ಭಾರಕ್ಕೆ ಹಾಳಾಗುತ್ತಾ ಬಂದು, 196 ಟನ್‌ಗಿಂತ ಹೆಚ್ಚು ತೂಕದ ವಿಮಾನಗಳನ್ನೇ ತಡೆಯಬೇಕಾಯಿತು. ಅಲ್ಲಿಂದ ಬೆಟ್ಟದ ಊರುಗಳಿಗೆ ಮೂಟೆ ಸಾಗಿಸಿದ್ದು ಹೆಗಲು ಕೊಟ್ಟ ಕೂಲಿಗಳು ಮತ್ತು ಹೇಸರಗತ್ತೆಗಳು.

ಸಭೆ ಮುಗಿದ ಮೇಲೆ ಆ ಚಾಲಕರೊಡನೆ ಮಾತನಾಡಿದೆ. ನೀರಿನ ಟ್ಯಾಂಕರ್‌ಗಳನ್ನೂ ಓಡಿಸಿದವರು. ಶಿಬಿರದಲ್ಲಿ ನೀರು ತುಂಬಿಸಿಕೊಳ್ಳಲು ತೊಟ್ಟಿಯಿಲ್ಲದಿದ್ದರೆ ಟ್ಯಾಂಕರೇ ತೊಟ್ಟಿಯಾಗಿ ನಿಂತುಬಿಡುತ್ತದೆ ಎಂದರು. ಒಂದೊಂದೇ ಕೊಡ ನಲ್ಲಿಯಡಿ ಬರಬೇಕು, ಜನ ನೂಕಾಡುತ್ತಾರೆ, ಚಕ್ರದ ಸುತ್ತ ಕೆಸರಾಗಿ ಗಾಡಿ ಹೂತುಕೊಳ್ಳುತ್ತದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬ ಅಂತರರಾಷ್ಟ್ರೀಯ ಮಾನದಂಡ ಹಿಡಿದರೆ 10,000 ಲೀಟರಿನ ಟ್ಯಾಂಕರ್ ಒಂದು ಸಲಕ್ಕೆ ಸುಮಾರು 660 ಮಂದಿಗೆ ಸಾಕು. ಪೈಪು ಜೋಡಿಸಿ ತೊಟ್ಟಿಗೆ ಸುರಿದು ಹೊರಟರೆ ಅದೇ ಗಾಡಿ, ಅದೇ ಚಾಲಕ, ಅದೇ ದಿನ ಮತ್ತೊಂದು ಶಿಬಿರಕ್ಕೂ ನೀರು ಕೊಡಬಹುದು. ಹೊಸ ಟ್ಯಾಂಕರ್ ಬಾಡಿಗೆಗೆ ಹುಡುಕುವ ಮುನ್ನ ಮಡಚಿ ಒಯ್ಯಬಹುದಾದ ತೊಟ್ಟಿಯೊಂದನ್ನು ಮೊದಲ ಗಾಡಿಯಲ್ಲೇ ಕಳುಹಿಸಬೇಕು. ಇಷ್ಟು ಬಲ್ಲವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದೇವೆ.

‘ಅಲ್ಲಿಯವರು ನೋಡಿಕೊಳ್ಳುತ್ತಾರೆ.’ ಯಾರವರು? ಮಗುವನ್ನು ಎತ್ತಿಕೊಂಡು ಮಾಡಿನ ಮೇಲೆ ರಾತ್ರಿ ಕಳೆದವರು ಬೆಳಿಗ್ಗೆ ಬಂದು ಹತ್ತು ಟನ್ ಸರಕನ್ನು ಹೊತ್ತು ಇಳಿಸಬೇಕೇ? ಹೊರಗೆ ಏನಿದೆಯೆಂದು ಬರೆಯದ ಪೆಟ್ಟಿಗೆಗಳನ್ನು ಅವರೇ ಬಿಚ್ಚಿ, ಔಷಧ ಯಾವುದು, ಹಳೆಯ ಬಟ್ಟೆ ಯಾವುದು ಎಂದು ಬೇರ್ಪಡಿಸಬೇಕೇ? ಯೋಜನೆಯನ್ನು ಶಿಬಿರದಿಂದ ಗೋದಾಮಿನ ಕಡೆಗೆ ಬರೆಯಬೇಕು. ಲಾರಿ ತಿರುಗಿಸಲು ಜಾಗ, ಮಳೆ ತಾಗದ ಸೂರು, ಹಮಾಲರು, ಸಹಿ ಹಾಕಿ ಪಡೆಯುವ ಒಬ್ಬರು, ಮರಳುವ ದಾರಿಗೆ ಡೀಸೆಲ್. ಇವು ಖಚಿತವಾದ ಮೇಲೆ ಲಾರಿಗಳ ಸಂಖ್ಯೆ ಕೇಳಲಿ. ಶಿಬಿರವಾರು ಈ ವಿವರ ತುಂಬುವ ನಮೂನೆಯೊಂದನ್ನು ಆ ಚಾಲಕರನ್ನೇ ಕೇಳಿ ಸಿದ್ಧಪಡಿಸಿ, ನಿನ್ನೆ ಅಧಿಕಾರಿಗೆ ಕೊಟ್ಟು ಬಂದಿದ್ದೇನೆ. ಮಳೆಗಾಲಕ್ಕೆ ಮುನ್ನ ಅದು ಭರ್ತಿಯಾಗಲೇಬೇಕು.