ಅಘನಾಶಿನಿಯ ಕೆಸರಿನಲ್ಲಿ ಒಂದು ಬೆಳಗು

ಅಕ್ಟೋಬರ್‌ನಲ್ಲಿ ಕುಮಟಾದಲ್ಲಿ ಕಳೆದ ಮೂರು ದಿನಗಳ ಪೈಕಿ ಮೊದಲೆರಡು ಮಳೆಯಲ್ಲೇ ಮುಗಿದವು. ಮೂರನೆಯ ದಿನ ಬೆಳಿಗ್ಗೆ ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ಹೊಳೆಯ ಆಚೆ ದಡಕ್ಕೆ ದಾಟುವಾಗ ನೀರು ಇಳಿಯುತ್ತಿತ್ತು. 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರುಬಯಲೇ ವಲಸೆ ಹಕ್ಕಿಗಳ ಊಟದ ಎಲೆ. ದೂರದಲ್ಲಿ ಬಾಗಿದ ಕೊಕ್ಕಿನ ವಿಂಬ್ರೆಲ್‌ಗಳು ಏಡಿ ಹಿಡಿಯುತ್ತಿದ್ದವು. ಕುರುಕಲು ಎಸೆದು ಗಲ್ ಎಂಬ ಕಡಲ ಹಕ್ಕಿಗಳನ್ನು ಕರೆದು ಚಿತ್ರ ತೆಗೆಯುವುದು ನನಗೆಂದೂ ರುಚಿಸಿಲ್ಲ. ಗಳಿಗೆಗೊಮ್ಮೆ ಓಡಿ ನಿಲ್ಲುವ ಪ್ಲೋವರ್ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿಗಳೇ ನನಗೆ ಪ್ರಿಯ.

ಅವುಗಳನ್ನು ಹತ್ತಿರದಿಂದ ನೋಡುವ ಆತುರದಲ್ಲಿ ಹೊಳೆಯುವ ನುಣುಪು ಕೆಸರಿಗೆ ಕಾಲಿಟ್ಟು ಮೊಣಕಾಲಿನವರೆಗೆ ಹೂತುಹೋದೆ. ಕಾಲನ್ನೇನೋ ಎಳೆದುಕೊಂಡೆ, ಎಡಗಾಲಿನ ಚಪ್ಪಲಿ ಮಾತ್ರ ಇಂದಿಗೂ ಅಲ್ಲೇ ಇದೆ. ಇಲ್ಲಿಗೆ ಹೋಗುವವರು, ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಜನ ನಡೆದ ಗಟ್ಟಿ ಮರಳಿನ ಜಾಡನ್ನು ಬಿಟ್ಟು ಕದಲಬಾರದು. ಚಿಪ್ಪುಗಳು ಅಂಗಾಲನ್ನು ಸೀಳುವುದರಿಂದ ಲೇಸು ಬಿಗಿದ ಹಳೆಯ ಬೂಟನ್ನೇ ತೊಡಬೇಕು.

ಜಾಡಿಗೆ ಮರಳಿ ಕುಕ್ಕರುಗಾಲಿನಲ್ಲಿ ಕುಳಿತಾಗ, ಹದಿನೈದು ಹೆಜ್ಜೆ ಆಚೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಒಂದು ತಲೆ ಓರೆ ಮಾಡಿ ನಿಂತು, ಕೆಸರಿನಿಂದ ಹುಳವೊಂದನ್ನು ಎಳೆಯತೊಡಗಿತು. ಹುಳ ರಬ್ಬರಿನಂತೆ ಉದ್ದವಾಗಿ ಕೊನೆಗೆ ಫಕ್ಕನೆ ಕಿತ್ತುಬಂದಾಗ ಹಕ್ಕಿಯೇ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿತು. ಅದರ ಬೆನ್ನಿನ ಒಂದೊಂದು ಗರಿಗೂ ಒಣಹುಲ್ಲಿನ ಬಣ್ಣದ ತೆಳು ಅಂಚಿತ್ತು: ಅದೇ ವರ್ಷ ಮೊಟ್ಟೆಯೊಡೆದ ಮರಿಯ ಗುರುತು.

“ಏನು ಕಾಣ್ತದೆ ತಮ್ಮಾ?” ಎಂದು ಬಳಚಿನ ಬುಟ್ಟಿ ಸೊಂಟಕ್ಕಿಟ್ಟಿದ್ದ ಹಿರಿಯ ಹೆಂಗಸೊಬ್ಬರು ನಿಂತು ಕೇಳಿದರು. ದುರ್ಬೀನನ್ನು ಅವರ ಕೈಗಿತ್ತು, ಇದು ಟಿಬೆಟ್ ಕಡೆಯ ಎತ್ತರದ ಬಯಲಿನಲ್ಲಿ ಹುಟ್ಟುವ ಜಾತಿ, ಹಿಮಾಲಯ ದಾಟಿ ಬರುತ್ತದೆ ಎಂದೆ.

“ತಾಯಿ ಎಲ್ಲಿ?”

ದೊಡ್ಡವು ಮೊದಲೇ ಹೊರಟುಬಿಡುತ್ತವೆ, ಮರಿಗಳು ಆಮೇಲೆ ತಾವಾಗಿಯೇ ಬರುತ್ತವೆ ಎಂದಾಗ ಅವರು ದುರ್ಬೀನು ಇಳಿಸಿ ನನ್ನ ಮುಖವನ್ನೇ ನೋಡಿದರು.

“ಹಾಗಾದ್ರೆ ದಾರಿ ಹೇಳಿದ್ದು ಯಾರು?”

ಹೊರಡುವ ಕಾಲವೂ ಹಾರುವ ದಿಕ್ಕೂ ಹುಟ್ಟಿನಿಂದಲೇ ಬಂದಿರುತ್ತವೆ, ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿಗಳೂ ಹಕ್ಕಿಗಳಿಗೆ ನೆರವಾಗುತ್ತವೆ ಎಂದು ತಿಳಿದಷ್ಟನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕೆಸರು ಮೆತ್ತಿದ ನನ್ನ ಬರಿಗಾಲಿನತ್ತ ಕಣ್ಣು ಹಾಯಿಸಿದರು.

“ನಿನ್ಗೆ ಯಾರೂ ಹೇಳ್ಲಿಲ್ವಾ?”

ಅಷ್ಟರಲ್ಲಿ ನೀರು ಏರತೊಡಗಿತು. ಅವರು ಮುಂದೆ, ನಾನು ಅವರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹಿಂದೆ, ದಡಕ್ಕೆ ಬಂದೆವು. ತಿರುಗಿ ನೋಡಿದಾಗ ಹಕ್ಕಿಗಳು ಕಿರಿದಾಗುತ್ತಿದ್ದ ಕೆಸರಿನಿಂದ ಒಮ್ಮೆಲೇ ಎದ್ದು, ಬಿಳಿಯಾಗಿ ಹೊರಳಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆಯ ಮೇಲೆ ಸಾಲಾಗಿ ಇಳಿದವು.