ವಿಂಚ್ ಹಗ್ಗ ಬಿಗಿಯಾದಾಗ

ಗಾಡಿ ಕೆಸರಲ್ಲಿ ಹೂತರೆ ಸಹಾಯಕ್ಕೆ ಅಂತ ಎಲ್ಲರೂ ಹತ್ತಿರ ಬರುತ್ತಾರೆ. ಒಳ್ಳೆ ಮನಸ್ಸೇ, ಆದರೆ ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ, ಶುರುವಾದ ಮೇಲೆ ದಯವಿಟ್ಟು ದೂರ ನಿಲ್ಲಿ. ಹಗ್ಗದ ಉದ್ದದ ಒಂದೂವರೆ ಪಟ್ಟಾದರೂ ದೂರ. ಬಿಗಿಯಾದ ಹಗ್ಗವನ್ನು ದಾಟುವುದಂತೂ ಬೇಡವೇ ಬೇಡ. ಉಕ್ಕಿನ ಹಗ್ಗ ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. ಅದಕ್ಕೇ ಹಗ್ಗದ ನಡುವೆ ಡ್ಯಾಂಪರ್, ಅಂದರೆ ಆ ಬೀಸು ತಗ್ಗಿಸುವ ಭಾರದ ಹೊದಿಕೆ, ಹಾಕುವುದು, ಇಲ್ಲದಿದ್ದರೆ ದಪ್ಪ ಕಂಬಳಿ. ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಮೇಲೆ ಕನಿಷ್ಠ 5 ಸುತ್ತು ಉಳಿದಿರಲಿ, ಸಿಂಥೆಟಿಕ್ ಹಗ್ಗವಾದರೆ 10.

ನನಗೆ ಜಾಸ್ತಿ ಭಯವಾಗುವುದು ಟೋ ಬಾಲ್‌ಗೆ ಹಗ್ಗ ಸಿಕ್ಕಿಸುವವರನ್ನು ಕಂಡಾಗ. ಅದು ಟ್ರೇಲರ್ ಎಳೆಯೋಕೆ ಮಾಡಿದ್ದು, ಹೂತ ಗಾಡಿಗಲ್ಲ. ಮುರಿದರೆ ಆ ಕಬ್ಬಿಣದ ಗುಂಡು ಗಾಜು ಒಡೆದು ಒಳಗೇ ಬರುತ್ತದೆ. ಹೀಗೆ ಜೀವ ಹೋಗಿದ್ದೂ ಇದೆ. ಅವಸರ ಯಾಕೆ ಅಲ್ವಾ? ಗಾಡಿ ಸಂಜೆವರೆಗೂ ಕೆಸರಲ್ಲೇ ಇರಲಿ ಬಿಡಿ, ಮೊದಲು ಭಾರ ತಡೆಯುವ ಶ್ಯಾಕಲ್, ಅಂದರೆ ಹಗ್ಗ ಸಿಕ್ಕಿಸುವ U ಆಕಾರದ ಕೊಂಡಿ, ತರಿಸಿ.